ಕೂಸಿನ ಸೆಳವು, ಔಷಧ ಮತ್ತು ಮೆದುಳಿನ ಚಿತ್ರ

ಐದಾರು ತಿಂಗಳ ಕೂಸು ನಿದ್ದೆಯಿಂದ ಎದ್ದೊಡನೆ ತಲೆ ಬಾಗಿಸಿ, ಕೈಗಳೆರಡನ್ನೂ ಚಾಚಿ, ಬೆಚ್ಚಿದಂತೆ ಮೈ ಸೆಟೆದುಕೊಂಡರೆ ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯ ಮನೆಗಳಲ್ಲಿ ಮೊದಲು ಹೊಟ್ಟೆನೋವೆನ್ನುವರು, ಬಳಿಕ ದೃಷ್ಟಿಯೆನ್ನುವರು, ಕೊನೆಗೆ ಬಾಲಗ್ರಹವೆಂದು ತಾಯತ ಕಟ್ಟಿಸುವರು. ಶರಣರ ಮಾರ್ಗದಲ್ಲಿ ತಾಯತಕ್ಕೆ ಎಡೆಯಿಲ್ಲವೆಂಬುದು ಆ ಗಾಬರಿಯಲ್ಲಿ ನಮಗೆ ನೆನಪಾಗುವುದಿಲ್ಲ. ಕ್ಷಣಮಾತ್ರದ ಈ ಸೆಳೆತ ಸಾಲುಸಾಲಾಗಿ ಮರುಕಳಿಸುತ್ತಿದ್ದರೆ ಅದು ಶೈಶವದ ಅಪಸ್ಮಾರವಿರಬಹುದು. 1841ರಲ್ಲಿ ವೆಸ್ಟ್ ಎಂಬ ಆಂಗ್ಲ ವೈದ್ಯರು ಇದನ್ನು ತಮ್ಮ ಸ್ವಂತ ಮಗನಲ್ಲಿಯೇ ಕಂಡು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. ಚಿಕಿತ್ಸೆ ತಡವಾದಷ್ಟೂ ಕೂಸಿನ ಬೆಳವಣಿಗೆ ಹಿಂದೆ ಬೀಳುತ್ತದೆ.

ಇದಕ್ಕೆ ಎ.ಸಿ.ಟಿ.ಎಚ್. ಚುಚ್ಚುಮದ್ದು, ಪ್ರೆಡ್ನಿಸೋಲೋನ್ ಅಥವಾ ವಿಗಾಬಾಟ್ರಿನ್ ಕೊಡುತ್ತಾರೆ. ಮೆದುಳಿನ ಉದ್ರೇಕವನ್ನು ತಣಿಸುವ ‘ಗಾಬಾ’ ಎಂಬ ದ್ರವ್ಯವು ಬೇಗ ಕರಗದಂತೆ ವಿಗಾಬಾಟ್ರಿನ್ ತಡೆಯುತ್ತದೆ. ಟ್ಯೂಬರಸ್ ಸ್ಕ್ಲೀರೋಸಿಸ್ ಎಂಬ ಹುಟ್ಟುಕಾಯಿಲೆಯಿಂದ ಸೆಳವು ಬರುವ ಕೂಸುಗಳಿಗಂತೂ ಇದು ವಿಶೇಷ ಗುಣಕಾರಿ.

ಆದರೆ ಈ ಔಷಧ ಸೇವಿಸುತ್ತಿರುವ ಕೆಲವು ಕೂಸುಗಳ ಎಂ.ಆರ್.ಐ. ಚಿತ್ರದಲ್ಲಿ ಥಲಾಮಸ್, ಮೆದುಳಿನ ಕಾಂಡ ಮೊದಲಾದ ಆಳದ ಭಾಗಗಳು ಎಡಬಲಗಳಲ್ಲಿ ಸಮನಾಗಿ ಬೆಳ್ಳಗೆ ಹೊಳೆಯುತ್ತವೆ. ವರದಿ ಓದಿಸಿಕೊಂಡ ತಾಯಿ-ತಂದೆಯರಿಗೆ ಔಷಧವೇ ಮೆದುಳನ್ನು ತಿಂದಿತೆಂಬ ಭಯ ಹುಟ್ಟುವುದು ಸಹಜ. ಈ ಬದಲಾವಣೆ ಹೆಚ್ಚಾಗಿ ಎಳೆಯ ಕೂಸುಗಳಲ್ಲಿ, ಔಷಧದ ಪ್ರಮಾಣ ಏರಿದಾಗ ಕಾಣುತ್ತದೆ. ಬಹುತೇಕ ಕೂಸುಗಳಲ್ಲಿ ಹೊರಲಕ್ಷಣವೇನೂ ಇರುವುದಿಲ್ಲ. ಪ್ರಮಾಣ ತಗ್ಗಿಸಿದರೆ ಅಥವಾ ನಿಲ್ಲಿಸಿದರೆ ಸಾಮಾನ್ಯವಾಗಿ ಮಾಯವಾಗುತ್ತದೆ. ಅಪರೂಪಕ್ಕೆ ಕೈಕಾಲುಗಳ ವಿಚಿತ್ರ ಚಲನೆ, ಅತಿಯಾದ ಮಂಪರು ತೋರಬಹುದು. ಅದನ್ನು ಕಂಡೊಡನೆ ವೈದ್ಯರಿಗೆ ತಿಳಿಸಬೇಕು.

ನಮಗೆ ಹೆಚ್ಚಿನ ಅಪಾಯವೆನಿಸುವುದು ಬೇರೊಂದು. ಹೆದರಿದ ಮನೆಯವರು ಯಾರನ್ನೂ ಕೇಳದೆ ಒಂದೇ ದಿನದಲ್ಲಿ ಔಷಧ ಬಿಡಿಸಿದರೆ ಸೆಳವು ಮೊದಲಿಗಿಂತ ಉಗ್ರವಾಗಿ ಮರಳಬಹುದು. ಇಳಿಸುವುದಿದ್ದರೆ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಕಣ್ಣಿನ ವಿಷಯ ಹಾಗಲ್ಲ: ಬಹುಕಾಲದ ಸೇವನೆಯಿಂದ ನೋಟದ ಅಂಚು ಕಿರಿದಾದರೆ ಅದು ಮರಳಿ ಬಾರದು. ಆದಕಾರಣ ಕಣ್ಣಿನ ತಪಾಸಣೆಯನ್ನು ತಪ್ಪಿಸಬಾರದು.

ಗುಡ್ಡದ ಮಲ್ಲಯ್ಯನಿಗೆ ಹರಕೆ ಹೊರಲಿ, ಹಣೆಗೆ ವಿಭೂತಿ ಧರಿಸಲಿ. ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗುವ ಬಸ್ಸು ಮಾತ್ರ ತಪ್ಪದಿರಲಿ. ಹೊರಡುವ ಮುನ್ನ ಸೆಳೆತವನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿರಿ. ಹಳೆಯ ಚೀಟಿಗಳನ್ನೂ ಔಷಧದ ಪೊಟ್ಟಣವನ್ನೂ ಜೊತೆಗಿಟ್ಟುಕೊಳ್ಳಿರಿ. ಔಷಧದ ಪ್ರಮಾಣವನ್ನು ಕೂಸಿನ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕುವುದರಿಂದ ಪ್ರತಿ ಭೇಟಿಯಲ್ಲಿಯೂ ತೂಕ ಮಾಡಿಸಿ ಬರೆಸಿಕೊಳ್ಳಿರಿ.