ಹಂಪೆಯ ಕುದುರೆಗಳೂ ಇಂದಿನ ಸವಾರಿ ಸಂಘಗಳೂ

ಅಶ್ವಾರೋಹಣವೆಂದರೆ ದೊಡ್ಡ ಪಟ್ಟಣಗಳ ಸಂಘಗಳಲ್ಲಿ ಹಣವಂತರು ಕಾಲ ಕಳೆಯುವ ವಿನೋದವೆಂಬ ಭಾವನೆಯು ಇಂದು ನಮ್ಮಲ್ಲಿ ಬೇರೂರಿದೆ. ದಂಡಿನ ಊರುಗಳಲ್ಲಿ ಆಂಗ್ಲ ಅಧಿಕಾರಿಗಳು ರೂಢಿಗೆ ತಂದ ಈ ಭಾವನೆಯನ್ನು ನಮ್ಮವರೂ ವಿಚಾರಿಸದೆ ಒಪ್ಪಿಕೊಂಡದ್ದು ವಿಷಾದಕರವಾದುದು. ಹೊಸಪೇಟೆಯಿಂದ ಹಂಪೆಗೆ ಹೋಗಿ ಕಣ್ದೆರೆದು ನೋಡುವವರಿಗೆ, ಈ ವಿದ್ಯೆಗೆ ಕನ್ನಡ ನಾಡಿನಲ್ಲಿ ಎಂತಹ ಮನ್ನಣೆಯಿತ್ತೆಂಬುದನ್ನು ಕಲ್ಲುಗಳೇ ಹೇಳುವವು.

ವಿಜಯನಗರವು ಹುಟ್ಟುವುದಕ್ಕೆ ಮುಂಚೆ, 1327ರಲ್ಲಿ ದಿಲ್ಲಿಯ ಸೇನೆಗೆ ಬಲಿಯಾದ ಕಂಪಿಲಿಯ ರಾಜ್ಯವನ್ನು ನೆನೆಯಿರಿ. ಕುಮಾರರಾಮನ ಕಥೆಯನ್ನು ಹಾಡಿದ ಜನರು ಅವನ ಕುದುರೆಯಾದ ಬೊಲ್ಲನನ್ನು ಮರೆಯಲಿಲ್ಲ. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಮೇಲೆ ಕುದುರೆಗಳ ಸಾಲು ಇಂದಿಗೂ ನಡೆಯುತ್ತಿದೆ. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಪರದೇಶದವರು ಕುದುರೆಗಳನ್ನು ಹಿಡಿದು ತರುತ್ತಿರುವರು. 1520ರ ಸುಮಾರಿಗೆ ಬಂದ ಪೋರ್ತುಗೀಜ ಪ್ರವಾಸಿ ಪಾಯೆಸನು, ಅಲ್ಲಿಯ ಉತ್ಸವದಲ್ಲಿ ಎಲ್ಲಕ್ಕೂ ಮುಂದೆ ನಡೆದ ಒಂದು ಕುದುರೆಯನ್ನು ವರ್ಣಿಸಿರುವನು. ಅರಸರು ಪಟ್ಟವೇರುವಾಗ ಪ್ರಮಾಣ ಮಾಡುತ್ತಿದ್ದುದು ಆ ಕುದುರೆಯ ಮೇಲೆಯೇ!

ಆದರೆ ಈ ವೈಭವದ ಬೆನ್ನಿಗೇ ಒಂದು ಕೊರತೆಯೂ ಇದ್ದಿತು. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ಅವುಗಳಲ್ಲಿ ಹೊರ್ಮುಜಿನವೂ ನಾಡತಳಿಯವೂ ಇದ್ದವೆಂದೂ ನುನಿಜನು ಬರೆದಿರುವನು. ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತೋರಿಸಿದರೂ ಬೆಲೆ ಕೊಡುತ್ತಿದ್ದನೆಂದು ಅವನೇ ಹೇಳುವನು. ಉತ್ತಮ ಯುದ್ಧಾಶ್ವಗಳಿಗಾಗಿ ಸಾಮ್ರಾಜ್ಯವು ಕಡಲಾಚೆಗೆ ಕೈ ಚಾಚಬೇಕಾಗಿದ್ದಿತು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರಿಗೆ ಈ ವ್ಯಾಪಾರವು ರಾಜಕಾರಣದ ಆಯುಧವೇ ಆಯಿತು. ಸವಾರಿಯಲ್ಲಿ ನಿಪುಣರಾದ ಜನರು ವಾಹನಕ್ಕಾಗಿ ಪರರ ಮುಖ ನೋಡಬೇಕಾದುದು ಸಣ್ಣ ಸಂಗತಿಯಲ್ಲ.

ವಿಜಯನಗರದೊಡನೆ ಸವಾರಿಯ ಪರಂಪರೆಯು ಅಳಿಯಲಿಲ್ಲ. ಸಂಡೂರನ್ನಾಳಿದ ಘೋರ್ಪಡೆಯವರು ಮರಾಠಾ ಅಶ್ವಸೇನೆಯಿಂದ ಮೇಲೆ ಬಂದವರು. ಆ ಸಂಸ್ಥಾನವು 1949ರಲ್ಲಿ ವಿಲೀನವಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಸವಾರರಲ್ಲಿ ಮೈಸೂರಿನ ಭಲ್ಲೆಗಾರರೂ ಇದ್ದರು. ಇಂದಿಗೂ ಮೈಸೂರಿನ ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೋಲೀಸರು ಸಾಗುವಾಗ ಮಹಾನವಮಿಯ ನೆರಳು ಕಾಣದಿರದು.

ಆದುದರಿಂದ ನಮ್ಮ ಊರುಗಳಲ್ಲಿ ಸವಾರಿ ಸಂಘಗಳು ಹುಟ್ಟುವುದಾದರೆ ನಾವು ಸಂತೋಷದಿಂದ ಸ್ವಾಗತಿಸುವೆವು. ಆದರೆ ಒಂದು ಮಾತು. ಚಂದಾ ಹಣವು ಉಡುಪಿಗೂ ಔತಣಕ್ಕೂ ಕರಗಿ, ಲಾಯದಲ್ಲಿ ಮೇವು ಕಡಿಮೆಯಾಗಬಾರದು. ಕುದುರೆಯನ್ನು ತಿಕ್ಕಿ ತೊಳೆದು ಸಾಕುವ ಆಳಿಗೆ ತಕ್ಕ ಸಂಬಳವಿರಬೇಕು. ಅವನ ಮಗನಿಗೂ ಜೀನಿನ ಮೇಲೆ ಕೂರುವ ಅವಕಾಶವಿರಬೇಕು. ನಾಡಿನಲ್ಲಿಯೇ ಒಳ್ಳೆಯ ತಳಿಯನ್ನು ಬೆಳೆಸುವ ಪ್ರಯತ್ನಕ್ಕೆ ಸಂಘವು ನೆರವಾಗಬೇಕು. ಇಷ್ಟನ್ನು ಮಾಡದೆ ಹಂಪೆಯ ಕಲ್ಲು ಕುದುರೆಗಳ ಹೆಸರನ್ನು ಹೇಳಿಕೊಂಡರೆ, ಅದು ಬಾಲ ತೋರಿಸಿ ಬೆಲೆ ಕೇಳಿದಂತೆಯೇ ಸರಿ.