ಮೈಸೂರಿನ ವಿದ್ಯುತ್ ಎಂಜಿನಿಯರುಗಳ ವೃತ್ತಿಸಂಘಗಳು

ಮೈಸೂರಿನ ವಿದ್ಯುತ್ ಎಂಜಿನಿಯರುಗಳ ವೃತ್ತಿಸಂಘಗಳು ವಿದ್ಯುತ್ ಉತ್ಪಾದನೆ, ಪ್ರಸರಣ, ವಿತರಣೆ, ವಿದ್ಯುತ್ ಯಂತ್ರಗಳು ಹಾಗೂ ಎಲೆಕ್ಟ್ರಾನಿಕ್ಸ್ ಕ್ಷೇತ್ರಗಳಲ್ಲಿ ದುಡಿಯುವ ಎಂಜಿನಿಯರುಗಳು, ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಸದಸ್ಯರಾಗಿರುವ ಲಾಭರಹಿತ ಸಂಸ್ಥೆಗಳಾಗಿವೆ. ಇವುಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸಂಸ್ಥೆಯ ಮೈಸೂರು ಸ್ಥಳೀಯ ಕೇಂದ್ರ. ಇದು ಅಗ್ರಹಾರಕ್ಕೆ ಸಮೀಪದಲ್ಲಿ ಹಾಯುವ ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯಲ್ಲಿದೆ. ಎರಡನೆಯದು ಐಇಇಇ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮೈಸೂರು ಉಪವಿಭಾಗ. ಮೊದಲನೆಯದರಲ್ಲಿ ಎಲ್ಲ ಶಾಖೆಗಳ ಎಂಜಿನಿಯರುಗಳಿಗೂ ಸ್ಥಾನವಿದೆ. ಎರಡನೆಯದು ಮುಖ್ಯವಾಗಿ ವಿದ್ಯುತ್, ಎಲೆಕ್ಟ್ರಾನಿಕ್ಸ್ ಮತ್ತು ಗಣಕ ಕ್ಷೇತ್ರಗಳಿಗೆ ಸಂಬಂಧಿಸಿದೆ.

ಈ ಸಂಘಗಳಿಗೆ ಯಾರಿಗೂ ಪರವಾನಗಿ ನೀಡುವ ಅಥವಾ ಯಾರ ಕೆಲಸವನ್ನೂ ತಡೆಯುವ ಅಧಿಕಾರವಿಲ್ಲ. ಸರಬರಾಜು ನಿಗಮ, ಕಾರ್ಖಾನೆ ಮತ್ತು ಕಾಲೇಜುಗಳಲ್ಲಿ ಬೇರೆಬೇರೆಯಾಗಿ ಕೆಲಸಮಾಡುವವರು ತಮ್ಮ ಅನುಭವವನ್ನು ಹಂಚಿಕೊಳ್ಳಲು ಸಾಮಾನ್ಯ ವೇದಿಕೆಯನ್ನು ಒದಗಿಸುವುದು ಇವುಗಳ ಪ್ರಧಾನ ಕಾರ್ಯವಾಗಿದೆ.

ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ ಎಂಜಿನಿಯರಿಂಗ್ ವೃತ್ತಿಯು ಶಿವನಸಮುದ್ರ ಜಲವಿದ್ಯುತ್ ಯೋಜನೆಯೊಂದಿಗೆ ಆರಂಭವಾಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಸಂಸ್ಥಾನದ ಉಪ ಮುಖ್ಯ ಎಂಜಿನಿಯರ್ ಆಗಿದ್ದ ಎ. ಸಿ. ಜೋಲಿ ಡಿ ಲಾಟ್ಬಿನಿಯರ್ ಅವರು ಈ ಯೋಜನೆಯನ್ನು ರೂಪಿಸಿದರು. 1902ರಲ್ಲಿ ಕಾವೇರಿ ಜಲಪಾತದಿಂದ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು. ಇದು ಆ ಕಾಲದಲ್ಲಿ ಜಗತ್ತಿನ ಅತ್ಯಂತ ಉದ್ದದ ಪ್ರಸರಣ ಮಾರ್ಗಗಳಲ್ಲಿ ಒಂದಾಗಿತ್ತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರು ನಗರಕ್ಕೂ, 1908ರಲ್ಲಿ ಮೈಸೂರು ನಗರಕ್ಕೂ ವಿದ್ಯುತ್ ದೀಪಗಳು ಬಂದವು. ಬೇಸಿಗೆಯಲ್ಲಿ ನದಿಯ ಹರಿವು ಕುಗ್ಗಿ ಉತ್ಪಾದನೆಗೆ ತೊಂದರೆಯಾಗುತ್ತಿದ್ದುದು 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟಿನ ಕಾರಣಗಳಲ್ಲಿ ಒಂದು.

ಯಂತ್ರಗಳು ಹೊರದೇಶಗಳಿಂದ ಬಂದವು. ಟರ್ಬೈನುಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯೂ, ವಿದ್ಯುತ್ ಉಪಕರಣಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೂ ಪೂರೈಸಿದವು. ಅವನ್ನು ನಡೆಸಬಲ್ಲ ಸ್ಥಳೀಯರನ್ನು ಕ್ರಮೇಣ ತರಬೇತುಗೊಳಿಸಬೇಕಾಯಿತು. 1911ರಲ್ಲಿ ಬೋಧನೆ ಆರಂಭಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನ ವಿಭಾಗವೂ ಒಂದು. 1917ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು. ಮೈಸೂರು ನಗರದಲ್ಲಿ 1946ರಲ್ಲಿ ರಾಷ್ಟ್ರೀಯ ಎಂಜಿನಿಯರಿಂಗ್ ಸಂಸ್ಥೆ, 1963ರಲ್ಲಿ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು ಮತ್ತು 1997ರಲ್ಲಿ ವಿದ್ಯಾವರ್ಧಕ ಎಂಜಿನಿಯರಿಂಗ್ ಕಾಲೇಜು ಆರಂಭಗೊಂಡವು. ವೃತ್ತಿಸಂಘಗಳ ಸ್ಥಳೀಯ ಚಟುವಟಿಕೆಗಳಿಗೆ ಇಂತಹ ಕಾಲೇಜುಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಮುಖ್ಯ ಆಧಾರವಾಗಿದ್ದಾರೆ.

ವಿದ್ಯುತ್ ಸರಬರಾಜಿನ ಆಡಳಿತವೂ ಹಲವು ಬಾರಿ ಬದಲಾಗಿದೆ. 1957ರಲ್ಲಿ ರಚನೆಯಾದ ವಿದ್ಯುಚ್ಛಕ್ತಿ ಮಂಡಳಿಯ ಹೊಣೆಯನ್ನು 1999ರಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವು ವಹಿಸಿಕೊಂಡಿತು. 2002ರಲ್ಲಿ ವಿತರಣೆಯ ಕಾರ್ಯವನ್ನು ಪ್ರತ್ಯೇಕ ಕಂಪನಿಗಳಿಗೆ ವಹಿಸಲಾಯಿತು. ಮೈಸೂರನ್ನು ಕೇಂದ್ರವಾಗಿ ಹೊಂದಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು 2005ರ ಏಪ್ರಿಲ್‌ನಿಂದ ಕಾರ್ಯನಿರ್ವಹಿಸುತ್ತಿದ್ದು, ಮೈಸೂರು, ಚಾಮರಾಜನಗರ, ಮಂಡ್ಯ, ಕೊಡಗು ಮತ್ತು ಹಾಸನ ಜಿಲ್ಲೆಗಳಿಗೆ ವಿದ್ಯುತ್ ಪೂರೈಸುತ್ತದೆ.

ಮಾತೃಸಂಸ್ಥೆಗಳ ಉಗಮ

ವಿದ್ಯುತ್ ಎಂಜಿನಿಯರುಗಳು ಸಂಘಟಿತರಾಗುವ ಪದ್ಧತಿಯು ತಂತಿ ಸಂಪರ್ಕದ ಕಾಲದಲ್ಲಿ ಆರಂಭವಾಯಿತು. 1871ರಲ್ಲಿ ಲಂಡನ್ನಿನಲ್ಲಿ ಟೆಲಿಗ್ರಾಫ್ ಎಂಜಿನಿಯರುಗಳ ಸಂಘವು ಹುಟ್ಟಿತು. 1884ರಲ್ಲಿ ಅಮೆರಿಕದಲ್ಲಿ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯೂ, 1912ರಲ್ಲಿ ರೇಡಿಯೊ ಎಂಜಿನಿಯರುಗಳ ಸಂಸ್ಥೆಯೂ ಸ್ಥಾಪನೆಯಾದವು. ಈ ಎರಡು ಅಮೆರಿಕನ್ ಸಂಸ್ಥೆಗಳು 1963ರಲ್ಲಿ ಒಂದಾಗಿ ಐಇಇಇ ರೂಪುಗೊಂಡಿತು. ಇಂದು ಅದಕ್ಕೆ ಜಗತ್ತಿನಾದ್ಯಂತ ನಾಲ್ಕು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ.

ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಭಾರತದಲ್ಲಿಯೇ 1920ರಲ್ಲಿ ಸ್ಥಾಪಿತವಾದ ಸಂಸ್ಥೆಯಾಗಿದ್ದು, 1935ರಲ್ಲಿ ರಾಜಸನ್ನದು ಪಡೆಯಿತು. ಇದರ ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ. ಸಂಸ್ಥೆಯಲ್ಲಿ 15 ಎಂಜಿನಿಯರಿಂಗ್ ವಿಭಾಗಗಳಿದ್ದು, ವಿದ್ಯುತ್ ಎಂಜಿನಿಯರಿಂಗ್ ಅವುಗಳಲ್ಲಿ ಒಂದು.

ರಚನೆ ಮತ್ತು ಸದಸ್ಯತ್ವ

ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸಂಸ್ಥೆಯು ರಾಜ್ಯ ಕೇಂದ್ರಗಳನ್ನೂ ಅವುಗಳ ಜೊತೆಗೆ ಸ್ಥಳೀಯ ಕೇಂದ್ರಗಳನ್ನೂ ಹೊಂದಿದೆ. ಕರ್ನಾಟಕ ರಾಜ್ಯ ಕೇಂದ್ರವು ಬೆಂಗಳೂರಿನಲ್ಲಿದೆ. ವಿದ್ಯಾರ್ಹತೆ ಮತ್ತು ಅನುಭವಕ್ಕೆ ಅನುಗುಣವಾಗಿ ಸದಸ್ಯರನ್ನು ಅಸೋಸಿಯೇಟ್ ಸದಸ್ಯ, ಸದಸ್ಯ ಮತ್ತು ಫೆಲೊ ಎಂಬ ಶ್ರೇಣಿಗಳಲ್ಲಿ ಸೇರಿಸಿಕೊಳ್ಳಲಾಗುತ್ತದೆ. ಅರ್ಹ ಸದಸ್ಯರಿಗೆ ಚಾರ್ಟರ್ಡ್ ಎಂಜಿನಿಯರ್ ಎಂಬ ಮಾನ್ಯತೆಯೂ ದೊರೆಯುತ್ತದೆ.

ಐಇಇಇ ಜಗತ್ತನ್ನು ಹತ್ತು ವಲಯಗಳಾಗಿ ವಿಂಗಡಿಸಿದ್ದು, ಭಾರತವು ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದ ಹತ್ತನೇ ವಲಯಕ್ಕೆ ಸೇರುತ್ತದೆ. ವಲಯದ ಕೆಳಗೆ ವಿಭಾಗಗಳೂ, ಕೆಲವು ವಿಭಾಗಗಳ ಕೆಳಗೆ ಉಪವಿಭಾಗಗಳೂ ಇರುತ್ತವೆ. ಮೈಸೂರು ಉಪವಿಭಾಗವು ಬೆಂಗಳೂರು ವಿಭಾಗದ ವ್ಯಾಪ್ತಿಯಲ್ಲಿ ರಚಿತವಾದುದು. ಸ್ಥಳೀಯ ಪದಾಧಿಕಾರಿಗಳು ವೇತನವಿಲ್ಲದೆ, ತಮ್ಮ ಉದ್ಯೋಗದ ಜೊತೆಗೆ ಈ ಕೆಲಸವನ್ನು ನಿರ್ವಹಿಸುತ್ತಾರೆ. ಐಇಇಇಯಲ್ಲಿ ವಿದ್ಯಾರ್ಥಿ ಸದಸ್ಯತ್ವದಿಂದ ಫೆಲೊ ಪದವಿಯವರೆಗೆ ಹಲವು ಶ್ರೇಣಿಗಳಿವೆ. ಒಂದು ವರ್ಷದಲ್ಲಿ ಫೆಲೊ ಆಗಿ ಆಯ್ಕೆಯಾಗುವವರ ಸಂಖ್ಯೆಯು ಮತದಾನದ ಹಕ್ಕುಳ್ಳ ಸದಸ್ಯರ ಶೇಕಡ 0.1ನ್ನು ಮೀರುವಂತಿಲ್ಲ.

ಚಟುವಟಿಕೆಗಳು

ತಾಂತ್ರಿಕ ಉಪನ್ಯಾಸಗಳು, ಕಾರ್ಯಾಗಾರಗಳು, ವಿಚಾರ ಸಂಕಿರಣಗಳು, ಕೈಗಾರಿಕೆಗಳ ಭೇಟಿ ಮತ್ತು ವಿದ್ಯಾರ್ಥಿಗಳ ಯೋಜನೆಗಳ ಪ್ರದರ್ಶನ ಇಂತಹ ಸಂಘಗಳ ಸಾಮಾನ್ಯ ಚಟುವಟಿಕೆಗಳಾಗಿವೆ. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನವನ್ನು ಆಚರಿಸಲಾಗುತ್ತದೆ. 1884ರಲ್ಲಿ ಅಮೆರಿಕದ ಎಂಜಿನಿಯರುಗಳು ತಾಂತ್ರಿಕ ವಿಷಯಗಳನ್ನು ಚರ್ಚಿಸಲು ಮೊದಲ ಬಾರಿಗೆ ಸೇರಿದುದರ ನೆನಪಿಗಾಗಿ ಅಕ್ಟೋಬರ್ ತಿಂಗಳ ಮೊದಲ ಮಂಗಳವಾರವು ಐಇಇಇ ದಿನವಾಗಿದೆ.

ಮೈಸೂರು ಉಪವಿಭಾಗವು ಮೈಸೂರುಕಾನ್ ಎಂಬ ಹೆಸರಿನ ಅಂತರರಾಷ್ಟ್ರೀಯ ಸಮ್ಮೇಳನವನ್ನು ಆರಂಭಿಸಿದೆ. ಇದರ ಮೊದಲ ಸಮ್ಮೇಳನವು 2021ರ ಅಕ್ಟೋಬರ್‌ನಲ್ಲಿ ಹಾಸನದಲ್ಲಿಯೂ, ಎರಡನೆಯದು 2022ರ ಅಕ್ಟೋಬರ್‌ನಲ್ಲಿ ಮೈಸೂರಿನಲ್ಲಿಯೂ ನಡೆದವು. ಈ ಸಮ್ಮೇಳನಗಳ ಪ್ರಬಂಧಗಳನ್ನು ಐಇಇಇಯ ಅಂಕೀಯ ಗ್ರಂಥಾಲಯದಲ್ಲಿ ಸೇರಿಸಲಾಗಿದೆ. ಇದರಿಂದ ಸಣ್ಣ ಊರುಗಳ ಕಾಲೇಜುಗಳಲ್ಲಿ ನಡೆದ ಸಂಶೋಧನೆಯೂ ಹೊರಗಿನ ಓದುಗರಿಗೆ ಲಭ್ಯವಾಗುತ್ತದೆ.

ಕಾಲೇಜುಗಳಲ್ಲಿರುವ ವಿದ್ಯಾರ್ಥಿ ಶಾಖೆಗಳನ್ನು ಅಧ್ಯಾಪಕ ಸಲಹೆಗಾರರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಗಳೇ ನಡೆಸುತ್ತಾರೆ. ಸಭೆ ಕರೆಯುವುದು, ಲೆಕ್ಕಪತ್ರ ಇಡುವುದು, ಉಪನ್ಯಾಸಕರನ್ನು ಆಹ್ವಾನಿಸುವುದು ಮುಂತಾದ ಪಠ್ಯಕ್ರಮದಲ್ಲಿಲ್ಲದ ಕೆಲಸಗಳನ್ನು ಅವರು ಇಲ್ಲಿ ಕಲಿಯುತ್ತಾರೆ.

ಮಾನಕಗಳು ಮತ್ತು ಅವುಗಳ ಪ್ರಸಾರ

ವೃತ್ತಿಸಂಘಗಳ ಕೊಡುಗೆಗಳಲ್ಲಿ ತಾಂತ್ರಿಕ ಮಾನಕಗಳಿಗೆ ವಿಶೇಷ ಸ್ಥಾನವಿದೆ. ವೈ-ಫೈ ತಂತ್ರಜ್ಞಾನಕ್ಕೆ ಆಧಾರವಾದ 802.11 ಐಇಇಇ ರೂಪಿಸಿದ ಮಾನಕವಾಗಿದೆ. ಭಾರತದಲ್ಲಿ ಕಟ್ಟಡಗಳ ವೈರಿಂಗ್‌ಗೆ ಸಂಬಂಧಿಸಿದ ಐಎಸ್ 732 ಮತ್ತು ಅರ್ಥಿಂಗ್‌ಗೆ ಸಂಬಂಧಿಸಿದ ಐಎಸ್ 3043 ಸಂಹಿತೆಗಳನ್ನು ಭಾರತೀಯ ಮಾನಕ ಬ್ಯೂರೊ ಪ್ರಕಟಿಸುತ್ತದೆ. ಮಾನಕವು ಪುಸ್ತಕದಲ್ಲಿದ್ದ ಮಾತ್ರಕ್ಕೆ ಕಂಬದ ಮೇಲೆ ಅಥವಾ ಮನೆಯ ಗೋಡೆಯೊಳಗೆ ಪಾಲನೆಯಾಗುವುದಿಲ್ಲ. ಅದರ ಹಿಂದಿನ ಕಾರಣವನ್ನು ಕೆಲಸಗಾರರಿಗೆ ತಿಳಿಸುವುದು ಸ್ಥಳೀಯ ಉಪನ್ಯಾಸಗಳು ಮತ್ತು ಕಾರ್ಯಾಗಾರಗಳಿಂದ ಸಾಧ್ಯವಾಗುವ ಕಾರ್ಯವಾಗಿದೆ.

ಛಾವಣಿಯ ಸೌರ ವಿದ್ಯುತ್ ಘಟಕಗಳು ಇದಕ್ಕೆ ಉತ್ತಮ ಉದಾಹರಣೆ. ದುರಸ್ತಿಗಾಗಿ ಒಂದು ಬೀದಿಯ ಮಾರ್ಗವನ್ನು ಉಪಕೇಂದ್ರದಿಂದ ಕಡಿತಗೊಳಿಸಿದಾಗಲೂ ಮನೆಗಳ ಮೇಲಿನ ಸೌರಫಲಕಗಳು ವಿದ್ಯುತ್ ಉತ್ಪಾದಿಸುತ್ತಿರುತ್ತವೆ. ಅದು ತಂತಿಗೆ ಹಿಮ್ಮುಖವಾಗಿ ಹರಿದರೆ, ಮಾರ್ಗ ನಿರ್ಜೀವವಾಗಿದೆ ಎಂದು ನಂಬಿ ಕಂಬವೇರಿದ ಲೈನ್‌ಮನ್ ಪ್ರಾಣಕ್ಕೆ ಅಪಾಯ ಒದಗುತ್ತದೆ. ಆದ್ದರಿಂದ ಸರಬರಾಜು ನಿಂತೊಡನೆ ಇನ್ವರ್ಟರ್ ಕೂಡ ತಂತಿಗೆ ವಿದ್ಯುತ್ ಹರಿಸುವುದನ್ನು ತಾನಾಗಿಯೇ ನಿಲ್ಲಿಸಬೇಕು. ಐಇಇಇ 1547 ಮಾನಕವು ಇದಕ್ಕೆ ಎರಡು ಸೆಕೆಂಡುಗಳ ಮಿತಿಯನ್ನು ನಿಗದಿಪಡಿಸುತ್ತದೆ. ಭಾರತದಲ್ಲಿ ಇಂತಹ ಘಟಕಗಳ ಸಂಪರ್ಕಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರವು 2013ರಲ್ಲಿ ನಿಯಮಾವಳಿಗಳನ್ನು ಪ್ರಕಟಿಸಿದೆ. ಇದರೊಂದಿಗೆ, ಕೆಲಸ ಆರಂಭಿಸುವ ಮೊದಲು ತಂತಿಯನ್ನು ಪರೀಕ್ಷಿಸಿ ಎರಡೂ ಬದಿಗಳಲ್ಲಿ ಅರ್ಥಿಂಗ್ ಮಾಡುವ ಹಳೆಯ ಪದ್ಧತಿಯನ್ನು ಕೈಬಿಡುವಂತಿಲ್ಲ.

ಮನೆಬಳಕೆಯ ಸುರಕ್ಷತೆಯೂ ಇಂತಹದೇ ವಿಷಯ. ಸಾಮಾನ್ಯ ಫ್ಯೂಸ್ ಅಥವಾ ಎಂಸಿಬಿ ಅತಿಯಾದ ವಿದ್ಯುತ್ ಪ್ರವಾಹದಿಂದ ವೈರಿಂಗನ್ನು ರಕ್ಷಿಸುತ್ತದೆ. ಮನುಷ್ಯನ ದೇಹದ ಮೂಲಕ ಹರಿಯುವ ಅಲ್ಪ ಪ್ರವಾಹವನ್ನು ಅದು ಗುರುತಿಸಲಾರದು. ಆರ್‌ಸಿಸಿಬಿ ಎಂಬ ಸಾಧನವು ಫೇಸ್ ಮತ್ತು ನ್ಯೂಟ್ರಲ್ ತಂತಿಗಳ ಪ್ರವಾಹವನ್ನು ಹೋಲಿಸಿ, ವ್ಯತ್ಯಾಸ ಕಂಡುಬಂದಾಗ ಸಂಪರ್ಕ ಕಡಿತಗೊಳಿಸುತ್ತದೆ. ಜೀವರಕ್ಷಣೆಗಾಗಿ ಬಳಸುವ ಸಾಧನದಲ್ಲಿ ಈ ಮಿತಿಯು ಸಾಮಾನ್ಯವಾಗಿ 30 ಮಿಲಿಆಂಪಿಯರ್ ಆಗಿರುತ್ತದೆ. ದಸರಾ ದೀಪಾಲಂಕಾರದಂತಹ ಸಂದರ್ಭಗಳಲ್ಲಿ ಬಯಲಿನಲ್ಲಿ, ಮಳೆಯ ನಡುವೆಯೂ ತಾತ್ಕಾಲಿಕ ವೈರಿಂಗ್ ಮಾಡಬೇಕಾಗುವುದರಿಂದ ಮೈಸೂರಿನಲ್ಲಿ ಈ ತಿಳಿವಳಿಕೆಗೆ ಹೆಚ್ಚಿನ ಮಹತ್ತ್ವವಿದೆ.

ಎಎಂಐಇ ಪರೀಕ್ಷೆ

ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ 1928ರಿಂದ ನಡೆಸುತ್ತ ಬಂದಿರುವ ಅಸೋಸಿಯೇಟ್ ಸದಸ್ಯತ್ವದ ಪರೀಕ್ಷೆಯು ಎಎಂಐಇ ಎಂದೇ ಪ್ರಸಿದ್ಧವಾಗಿದೆ. ಇದರಲ್ಲಿ ಎ ಮತ್ತು ಬಿ ಎಂಬ ಎರಡು ಹಂತಗಳಿವೆ. ಡಿಪ್ಲೊಮಾ ಮುಗಿಸಿ ವಿದ್ಯುತ್ ಮಂಡಳಿ, ರೈಲ್ವೆ ಅಥವಾ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿದವರು ನೌಕರಿ ಬಿಡದೆ ಓದಿ ಈ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ, ಅದನ್ನು ಎಂಜಿನಿಯರಿಂಗ್ ಪದವಿಗೆ ಸಮಾನವೆಂದು ಪರಿಗಣಿಸಲಾಗುತ್ತಿತ್ತು. ಕಾಲೇಜಿನ ನಾಲ್ಕು ವರ್ಷಗಳ ಖರ್ಚನ್ನು ಭರಿಸಲಾಗದ ಕುಟುಂಬಗಳ ಅನೇಕರಿಗೆ ಬಡ್ತಿಯ ದಾರಿ ಇದೇ ಆಗಿತ್ತು.

ಕೇಂದ್ರ ಸರ್ಕಾರದ ತೀರ್ಮಾನದಂತೆ 2013ರ ಮೇ 31ರವರೆಗೆ ನೋಂದಾಯಿಸಿಕೊಂಡವರಿಗೆ ಮಾತ್ರ ಈ ಸಮಾನತೆಯನ್ನು ಉಳಿಸಲಾಯಿತು. ಇಂದು ಡಿಪ್ಲೊಮಾ ಪಡೆದವರು ಡಿಸಿಇಟಿ ಪರೀಕ್ಷೆಯ ಮೂಲಕ ಬಿಇ ಪದವಿಯ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಆದರೆ ಹಗಲು ದುಡಿದು ರಾತ್ರಿ ಓದುವವರಿಗೆ ಇದು ಹಿಂದಿನ ವ್ಯವಸ್ಥೆಯಷ್ಟು ಅನುಕೂಲಕರವಲ್ಲ. ಈ ಪರೀಕ್ಷೆಗೆ ಹೊಸದಾಗಿ ಸೇರಬಯಸುವವರು ತಾವು ಅರ್ಜಿ ಸಲ್ಲಿಸಲಿರುವ ಉದ್ಯೋಗದ ನೇಮಕಾತಿ ನಿಯಮಗಳನ್ನು ಮೊದಲು ಪರಿಶೀಲಿಸುವುದು ಅಗತ್ಯ.

ಮಹಿಳೆಯರ ಪಾಲ್ಗೊಳ್ಳುವಿಕೆ

ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಅವರು ಮೈಕ್ರೋವೇವ್ ಮತ್ತು ಆಂಟೆನಾ ಕ್ಷೇತ್ರದಲ್ಲಿ ಕೆಲಸಮಾಡಿದವರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದ ಅವರು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅವರ ಸಂಶೋಧನ ಪ್ರಬಂಧಕ್ಕೆ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನೀಡುವ ಜೆ. ಸಿ. ಬೋಸ್ ಸ್ಮಾರಕ ಬಹುಮಾನವು ದೊರೆತಿತ್ತು. ಎಂಜಿನಿಯರಿಂಗ್ ಕ್ಷೇತ್ರದ ಮಹಿಳೆಯರಿಗಾಗಿ ಐಇಇಇಯಲ್ಲಿ ಪ್ರತ್ಯೇಕ ಬಳಗವಿದ್ದು, ಅದು ವಿದ್ಯಾರ್ಥಿನಿಯರಿಗೆ ಮಾರ್ಗದರ್ಶನ ಮತ್ತು ವೃತ್ತಿಯಲ್ಲಿ ಮುಂದುವರಿಯಲು ಬೆಂಬಲ ನೀಡುವ ಉದ್ದೇಶ ಹೊಂದಿದೆ.

ಅಧಿಕಾರದ ಮಿತಿಗಳು

ವೈದ್ಯರಿಗೆ ಮತ್ತು ವಕೀಲರಿಗೆ ಇರುವಂತಹ ಶಾಸನಬದ್ಧ ಪರಿಷತ್ತು ವಿದ್ಯುತ್ ಎಂಜಿನಿಯರುಗಳಿಗೆ ರಾಷ್ಟ್ರಮಟ್ಟದಲ್ಲಿ ಇಲ್ಲ. ಕರ್ನಾಟಕದಲ್ಲಿ ವಿದ್ಯುತ್ ಗುತ್ತಿಗೆದಾರರಿಗೆ ಪರವಾನಗಿ, ಮೇಲ್ವಿಚಾರಕರಿಗೆ ಮತ್ತು ವೈರ್‌ಮನ್‌ಗಳಿಗೆ ರಹದಾರಿ ನೀಡುವುದೂ, ಅಪಘಾತಗಳ ಬಗ್ಗೆ ವಿಚಾರಣೆ ನಡೆಸುವುದೂ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಹೊಣೆಯಾಗಿವೆ. ದರ ನಿಗದಿಯು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕಾರ್ಯ. ವೃತ್ತಿಸಂಘಗಳು ಈ ಯಾವ ಅಧಿಕಾರವನ್ನೂ ಹೊಂದಿಲ್ಲ. ಇವು ಕಾರ್ಮಿಕ ಸಂಘಗಳೂ ಅಲ್ಲವಾದ್ದರಿಂದ ಸಂಬಳ ಮತ್ತು ವರ್ಗಾವಣೆಯ ಪ್ರಶ್ನೆಗಳು ಇವುಗಳ ವ್ಯಾಪ್ತಿಗೆ ಬರುವುದಿಲ್ಲ.

ಸದಸ್ಯತ್ವವು ಐಚ್ಛಿಕವಾಗಿರುವುದರಿಂದ, ಪದವಿಯ ಅವಧಿಯಲ್ಲಿ ಸೇರಿದ ವಿದ್ಯಾರ್ಥಿಗಳನ್ನು ಉದ್ಯೋಗಕ್ಕೆ ಸೇರಿದ ನಂತರವೂ ಉಳಿಸಿಕೊಳ್ಳುವುದು ಇಂತಹ ಸಂಘಗಳ ಮುಂದಿರುವ ನಿತ್ಯದ ಪ್ರಶ್ನೆಯಾಗಿದೆ. ಭಾಷೆಯು ಮತ್ತೊಂದು ಪ್ರಶ್ನೆ. ಮಾನಕಗಳು ಮತ್ತು ಸಂಶೋಧನ ಪ್ರಬಂಧಗಳು ಇಂಗ್ಲಿಷಿನಲ್ಲಿರುತ್ತವೆ. ಅವುಗಳಿಂದ ನೇರವಾಗಿ ರಕ್ಷಣೆ ಪಡೆಯಬೇಕಾದ ಲೈನ್‌ಮನ್‌ಗಳು, ವೈರ್‌ಮನ್‌ಗಳು ಮತ್ತು ಗೃಹಬಳಕೆದಾರರಲ್ಲಿ ಹೆಚ್ಚಿನವರು ಕನ್ನಡದಲ್ಲಿ ವ್ಯವಹರಿಸುವವರು. ಮಾನಕದ ಸಾರವು ಅವರ ಭಾಷೆಯಲ್ಲಿ ತಲುಪಿದಾಗ ಮಾತ್ರ ಅದು ಕೆಲಸದ ಸ್ಥಳದಲ್ಲಿ ಜಾರಿಗೆ ಬರುತ್ತದೆ.