ಗಂಟಲಲ್ಲಿ ಹಲ್ಲಿರುವ ಮೀನು

ಮುಡುಕುತೊರೆಯ ಮಲ್ಲಿಕಾರ್ಜುನನ ಬೆಟ್ಟ ಇಳಿದರೆ ಕಾವೇರಿ. ತೆಪ್ಪದವರು ಬಲೆಯಿಂದ ಬಿಡಿಸಿದ ಒಂದು ಗೆಂಡೆ ಮೀನನ್ನು ಕೈಗೆ ತೆಗೆದುಕೊಂಡು, ಬೆನ್ನಿನ ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ ನೋಡಿ. ಬೀಸಣಿಗೆಯ ಕಡ್ಡಿಗಳಂತೆ ಸಣ್ಣ ಮೂಳೆಗಳು, ನಡುವೆ ತೆಳು ಪೊರೆ. ಕಡ್ಡಿಗಳ ಬುಡದಲ್ಲಿರುವ ಸ್ನಾಯುಗಳು ಅದನ್ನು ಬಿಚ್ಚುತ್ತವೆ, ಮಡಿಸುತ್ತವೆ, ಓರೆ ಮಾಡುತ್ತವೆ. ಇಂಥ ಕಡ್ಡಿರೆಕ್ಕೆಯ ಮೀನುಗಳು ಲೋಕದಲ್ಲಿ 30,000ಕ್ಕೂ ಹೆಚ್ಚು ಬಗೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಹತ್ತಿರಹತ್ತಿರ ಅರ್ಧ ಇವೇ. ಶಾರ್ಕ್, ತೊರಕೆ ಈ ಕುಲದವಲ್ಲ.

ಈಗ ಅದರ ಬಾಯಿಗೆ ಬೆರಳಿಡಿ. ದವಡೆಯಲ್ಲಿ ಒಂದೂ ಹಲ್ಲಿಲ್ಲ. ಹಲ್ಲುಗಳಿರುವುದು ಗಂಟಲಲ್ಲಿ, ಕಿವಿರಿನ ಹಿಂದೆ. ಹೊಟ್ಟೆ ಸೀಳಿದರೆ ಬೆನ್ನುಮೂಳೆಗೆ ಅಂಟಿಕೊಂಡು ಬೆಳ್ಳಗೆ ಹೊಳೆಯುವ ಗಾಳಿಚೀಲ, ನಡುವೆ ದಾರ ಕಟ್ಟಿದ ಬಲೂನಿನ ಹಾಗೆ. ಮೀನು ಮುಳುಗದೆ, ಮೇಲೇಳದೆ ನೀರಲ್ಲಿ ನಿಲ್ಲುವುದು ಇದರಿಂದ. ಅಷ್ಟೇ ಅಲ್ಲ, ನೀರಿನ ಸದ್ದಿಗೆ ಈ ಚೀಲ ಅದುರುತ್ತದೆ. ಆ ಅದುರನ್ನು ಪುಟಾಣಿ ಮೂಳೆಗಳ ಸರಪಳಿಯೊಂದು ಒಳಕಿವಿಗೆ ಮುಟ್ಟಿಸುತ್ತದೆ. ಬಾಳೆ ಮೀನಿಗೂ ಈ ಏರ್ಪಾಡುಂಟು. ಕೊರವನಿಗಿಲ್ಲ, ಅದರದು ಬೇರೆಯೇ ವಿದ್ಯೆ. ಮೇಲೆ ಬಂದು ಗಾಳಿ ಗುಟುಕರಿಸುತ್ತದೆ, ಬಿಡದಿದ್ದರೆ ನೀರಲ್ಲೇ ಉಸಿರುಗಟ್ಟಿ ಸಾಯುತ್ತದೆ.

ಗೆಂಡೆಯ ಬಳಗದಲ್ಲೇ ದೊಡ್ಡಣ್ಣ ಬಿಳಿ ಮೀನು, ಅಂದರೆ ಮಹಶೀರ್. ಏಡಿಯ ಚಿಪ್ಪನ್ನೂ ಗಂಟಲ ಹಲ್ಲಿನಲ್ಲೇ ನುರಿಯುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಬಿಳಿ ಮೀನು 120 ಪೌಂಡ್ ತೂಗಿತ್ತು, ಸುಮಾರು 54 ಕಿಲೋ! ನಂಜನಗೂಡನ್ನು ಹಾದು ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುವ ಅದೇ ಕಬಿನಿ.

ಇಷ್ಟು ದೊಡ್ಡ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಕ್ಕಿಯಾದದ್ದು 2018ರಲ್ಲಿ ಎಂದರೆ ನನಗೆ ಈಗಲೂ ಸಂಕಟವಾಗುತ್ತದೆ. ಕಿತ್ತಳೆ ಬಣ್ಣದ ರೆಕ್ಕೆಯ, ಬೆನ್ನುಬ್ಬಿದ ಈ ಮಹಶೀರ್ ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲ. ಮೀನುಶಾಸ್ತ್ರಜ್ಞೆ ರೆಮಾದೇವಿಯವರ ಗೌರವಕ್ಕೆ ಟಾರ್ ರೆಮಾದೇವಿಯೈ ಎಂಬ ಹೆಸರು. ಆ ಹೊತ್ತಿಗಾಗಲೇ ಅದು ಅಳಿವಿನಂಚಿಗೆ ಬಂದಿತ್ತು. 1970ರ ದಶಕದಿಂದ ಲೋನಾವಳದ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು, ಒಳ್ಳೆಯ ಮನಸ್ಸಿನಿಂದಲೇ. ಆದರೆ ಅವು ನೀಲಿ ರೆಕ್ಕೆಯ ಬೇರೆ ಜಾತಿ. ಹೊಳೆ ತುಂಬ ಮಹಶೀರ್ ಕಂಡವು, ನಮ್ಮದು ಕರಗಿದ್ದು ಯಾರ ಗಮನಕ್ಕೂ ಬರಲಿಲ್ಲ.

ಮೊಟ್ಟೆಯಿಡಲು ಹೊಸನೀರಿಗೆ ಎದುರೇರಿ ಹೋಗುವ ಮೀನಿದು. ಮೇಲೆ ಕೃಷ್ಣರಾಜಸಾಗರ, ಬೀಚನಹಳ್ಳಿಯ ಕಟ್ಟೆ ಅಡ್ಡ. ಅದರ ಮರಿಗಳು ಇನ್ನೂ ಹುಟ್ಟುತ್ತಿರುವುದು ಮೋಯಾರ್ ಹೊಳೆಯಂಥ ಒಂದೆರಡು ಕಡೆ.